ಯಾನೆಚೆಕ್ ಮತ್ತು ಅಂಗಳದ ಆಯಿಲ್ ಕಲೆ

ಜಾವಾ ಅನ್ನೋ ಹೆಸರನ್ನ ಅದು ಹುಟ್ಟಿದ ದೇಶದಲ್ಲಿ ಯಾವಾ ಅಂತಾರೆ. ಚೆಕ್ ಭಾಷೆಯಲ್ಲಿ ಜೆ ಅಕ್ಷರವನ್ನ ಯ ಅಂತ ಓದಬೇಕು. ಮೈಸೂರು ಸೀಮೇಲಿ ನಿಂತು ಯಾವಾ ಅಂದ್ರೆ ಎದುರಿಗಿರೋರು ಯಾವುದು ಅಂತ ತಿರುಗಿ ಕೇಳ್ತಾರೆ. ಹಾಗಾಗಿ ನಾವು ಜಾವಾ ಅಂತಾನೇ ಬರೀತೀವಿ. ಆ ಹೆಸರಿನ ಮೊದಲರ್ಧ ಫ್ರಾಂಟಿಷೆಕ್ ಯಾನೆಚೆಕ್ ಅನ್ನೋ ಮನುಷ್ಯನದು, ಉಳಿದರ್ಧ ವಾಂಡರರ್ ಅನ್ನೋ ಜರ್ಮನ್ ಕಂಪನಿಯದು. ನಂಜನಗೂಡು, ಟಿ. ನರಸೀಪುರದ ಕಡೆ ಇವತ್ತಿಗೂ ಜಗಲಿ ಪಕ್ಕದಲ್ಲಿ, ಕೊಟ್ಟಿಗೆ ಮೂಲೆಯಲ್ಲಿ ಗೋಣಿಚೀಲ ಹೊದ್ದು ನಿಂತಿರೋ ಜಾವಾಗಳು ಸಿಗ್ತವೆ. ಪ್ರತಿಯೊಂದರ ಕೆಳಗೂ ಒಂದು ಕಪ್ಪು ಕಲೆ ಇರುತ್ತೆ. ಕಲೆ ಬಗ್ಗೆ ಮನೆಯವರೆಲ್ಲ ಮಾತಾಡ್ತಾರೆ, ಟ್ಯಾಂಕ್ ಮೇಲೆ ಅರ್ಧ ಹೆಸರು ಬಿಟ್ಟು ಹೋದ ಮನುಷ್ಯನ ಬಗ್ಗೆ ಯಾರೂ ಮಾತಾಡಲ್ಲ. ಈ ಸಲ ಎರಡನ್ನೂ ಒಟ್ಟಿಗೆ ಹೇಳೋಣ ಅಂತ ಹೊರಟಿದ್ದೀವಿ. ಬೇರೆ ಬೇರೆ ಹೇಳೋಕೆ ಪ್ರಯತ್ನ ಮಾಡಿದ್ವಿ, ಆಗಲಿಲ್ಲ.

ಯಾನೆಚೆಕ್ ಹುಟ್ಟಿದ್ದು 1878ರ ಜನವರಿ 23ರಂದು, ಪೂರ್ವ ಬೊಹೀಮಿಯಾದ ಕ್ಲಾಷ್ಟೆರ್ ನಾದ್ ಡೆಡಿನೊ ಅನ್ನೋ ಹಳ್ಳಿಯಲ್ಲಿ. ಆಗ ಚೆಕ್ ಅನ್ನೋ ಪ್ರತ್ಯೇಕ ದೇಶ ಇರಲಿಲ್ಲ, ಅದೆಲ್ಲ ಆಸ್ಟ್ರಿಯಾ-ಹಂಗೇರಿ ಚಕ್ರವರ್ತಿಯ ರಾಜ್ಯ. ಹುಡುಗ ಪ್ರಾಗ್‌ನಲ್ಲಿ ತಾಂತ್ರಿಕ ಶಿಕ್ಷಣ ಪಡೆದು, ಆಮೇಲೆ ಬರ್ಲಿನ್‌ಗೂ ಹೋಗಿ ಓದಿದ. ಅಂದ್ರೆ ನಮ್ಮ ಥರಾನೇ ಇಂಜಿನಿಯರಿಂಗ್ ಸ್ಟೂಡೆಂಟು, ಬ್ಯಾಕ್‌ಲಾಗ್ ಇತ್ತೋ ಇಲ್ವೋ ಅನ್ನೋದನ್ನ ಇತಿಹಾಸ ಬರೆದಿಟ್ಟಿಲ್ಲ. ಓದು ಮುಗಿಸಿದ ಮೇಲೆ ಕೆಲಸಗಳು, ಸ್ವಂತ ವರ್ಕ್‌ಶಾಪು, ಒಂದರ ಹಿಂದೆ ಒಂದು ಪೇಟೆಂಟು. ಜೀವಮಾನದಲ್ಲಿ ಅವರ ಹೆಸರಲ್ಲಿ ಸುಮಾರು 60 ಪೇಟೆಂಟ್ ಆದವು.

ಆದ್ರೆ ಅವರಿಗೆ ದುಡ್ಡು ತಂದಿದ್ದು ಬೈಕಲ್ಲ, ಕೈಬಾಂಬು. ಮೊದಲನೇ ಮಹಾಯುದ್ಧದ ಕಾಲದಲ್ಲಿ ಗ್ರೆನೇಡ್ ವಿನ್ಯಾಸ ಮಾಡಿದ್ರು. ಯುದ್ಧ ಮುಗಿದು ಚೆಕೊಸ್ಲೊವಾಕಿಯಾ ಅನ್ನೋ ಹೊಸ ದೇಶ ಹುಟ್ಟಿದಾಗ ಅದರ ಸೈನ್ಯಕ್ಕೆ ಆಯುಧ ಮಾಡಿಕೊಡೋ ಫ್ಯಾಕ್ಟರಿ ಶುರು ಮಾಡಿದ್ರು. ಇದನ್ನ ಮುಚ್ಚಿಟ್ಟು, ಬೈಕ್ ಪ್ರೇಮಿಯಾಗಿದ್ದ ಒಬ್ಬ ಸಾಧು ಇಂಜಿನಿಯರ್ ಅಂತ ಬರೆಯೋದು ನಮಗೆ ಇಷ್ಟ ಇಲ್ಲ. ಬಾಂಬ್ ಮಾಡ್ತಿದ್ದ ಲೇತ್ ಮೇಲೇನೇ ಮುಂದೆ ಬೈಕಿನ ಬಿಡಿಭಾಗ ತಯಾರಾಗಿದ್ದು. 1920ರ ದಶಕ ಮುಗೀತಾ ಬಂದಾಗ ಸೈನ್ಯದ ಆರ್ಡರ್ ಕಮ್ಮಿ ಆಯ್ತು. ಕೈಯಲ್ಲಿ ಫ್ಯಾಕ್ಟರಿ ಇದೆ, ನುರಿತ ಕೆಲಸಗಾರರಿದ್ದಾರೆ, ಕೆಲಸ ಇಲ್ಲ. ಅದೇ ಹೊತ್ತಿಗೆ ಜರ್ಮನಿಯ ವಾಂಡರರ್ ಕಂಪನಿ ಬೈಕ್ ವ್ಯವಹಾರದಿಂದ ಕೈ ತೊಳ್ಕೊಳ್ಳೋಕೆ ನೋಡ್ತಿತ್ತು. ಅವರ ಹೊಚ್ಚ ಹೊಸ 500 ಸಿಸಿ ಬೈಕಿನ ಹಕ್ಕನ್ನ ಯಾನೆಚೆಕ್ 1929ರಲ್ಲಿ ಕೊಂಡ್ಕೊಂಡ್ರು. ಎರಡು ಹೆಸರು ಕೂಡಿ ಜಾವಾ ಆಯ್ತು.

ಆ ಮೊದಲ ಜಾವಾ ನಮ್ಮ ಊರಲ್ಲಿ ಕಂಡಿರೋ ಜಾವಾ ಥರ ಇರಲೇ ಇಲ್ಲ. ನಾಲ್ಕು ಸ್ಟ್ರೋಕ್ ಎಂಜಿನ್ನು, ಮೇಲೆ ವಾಲ್ವುಗಳು, ಹಿಂದಿನ ಚಕ್ರಕ್ಕೆ ಚೈನ್ ಬದಲು ಶಾಫ್ಟ್ ಡ್ರೈವು, ಒತ್ತಿದ ಉಕ್ಕಿನ ಫ್ರೇಮು. ಕಾಗದದ ಮೇಲೆ ನೋಡಿದ್ರೆ ಇವತ್ತಿಗೂ ಬಾಯಲ್ಲಿ ನೀರು ಬರುತ್ತೆ. ರಸ್ತೆ ಮೇಲೆ ಮಾತ್ರ ಅದಕ್ಕೆ ನೂರೆಂಟು ರೋಗ, ಬೆಲೆನೂ ಜಾಸ್ತಿ. ಸಾಲದ್ದಕ್ಕೆ ಅದೇ ಹೊತ್ತಿಗೆ ಪ್ರಪಂಚಕ್ಕೆಲ್ಲ ಆರ್ಥಿಕ ಕುಸಿತ ಬಡೀತು. ಒಟ್ಟು ಸಾವಿರದ ಆಸುಪಾಸು ಬೈಕ್ ತಯಾರಾಗಿ ಆ ಕಥೆ ಮುಗೀತು.

ಇಲ್ಲಿ ಯಾನೆಚೆಕ್ ಮಾಡಿದ ಕೆಲಸ ನಮಗೆ ತುಂಬಾ ಹಿಡಿಸಿತು. ಕಾಸು ಸುರಿದು ತಂದ ಡಿಸೈನು, ಅದರ ಹೆಸರಲ್ಲಿ ತನ್ನ ಹೆಸರೂ ಸೇರಿದೆ. ಬೇರೆಯವರಾಗಿದ್ರೆ ಹಟ ಹಿಡಿದು ಅದಕ್ಕೇ ತೇಪೆ ಹಾಕ್ತಾ ಕೂರ್ತಿದ್ರು. ಇವರು ಇಂಗ್ಲೆಂಡಿನಿಂದ ಬಂದ ಜಾರ್ಜ್ ಪ್ಯಾಚೆಟ್ ಅನ್ನೋ ರೇಸರ್ ಕಮ್ ಡಿಸೈನರನ್ನ ಕೆಲಸಕ್ಕೆ ಇಟ್ಕೊಂಡ್ರು. 1932ರಲ್ಲಿ ಬ್ರಿಟನ್ನಿನ ವಿಲಿಯರ್ಸ್ ಎಂಜಿನ್ ಹಾಕಿದ 175 ಸಿಸಿ ಜಾವಾ ಹೊರಬಂತು. ಹಗುರ, ಅಗ್ಗ, ಮೇಷ್ಟ್ರು ಗುಮಾಸ್ತರೂ ಕೊಳ್ಳಬಹುದಾದ ಬೈಕು. ಜನ ಮುಗಿಬಿದ್ದು ತಗೊಂಡ್ರು, ಕಂಪನಿ ಬದುಕಿಕೊಂಡ್ತು.

ಆ ವಿಲಿಯರ್ಸ್ ಎಂಜಿನ್ ಎರಡು ಸ್ಟ್ರೋಕಿನದು. ನಮ್ಮ ಆಯಿಲ್ ಕಲೆಯ ಕಥೆ ಶುರುವಾಗೋದು ಇಲ್ಲಿಂದಾನೇ, ಹಾಗಾಗಿ ಸ್ವಲ್ಪ ನಿಂತು ನೋಡಬೇಕು.

ನಾಲ್ಕು ಸ್ಟ್ರೋಕ್ ಎಂಜಿನ್ನಿನ ಹೊಟ್ಟೆಯಲ್ಲಿ ಲೀಟರ್‌ಗಟ್ಟಲೆ ಆಯಿಲ್ ಇರುತ್ತೆ. ಪಂಪು ಅದನ್ನ ಎತ್ತಿ ವಾಲ್ವಿನ ತನಕ ಕಳಿಸುತ್ತೆ, ಅದು ಮತ್ತೆ ಕೆಳಗೆ ಇಳಿಯುತ್ತೆ. ಆ ದಾರಿಯಲ್ಲಿರೋ ಒಂದೊಂದು ಜೋಡಣೆಯೂ ಸೋರೋಕೆ ಒಂದು ಜಾಗ. ಹಳೇ ಇಂಗ್ಲಿಷ್ ಸ್ಪೋರ್ಟ್ಸ್ ಕಾರುಗಳು ನಿಂತ ಕಡೆಯೆಲ್ಲ ಗುರುತು ಬಿಡ್ತವೆ ಅನ್ನೋ ಜೋಕು ಹುಟ್ಟಿದ್ದು ಇದರಿಂದ. ಎಂಜಿ ಥರದ ಕಾರುಗಳಲ್ಲಿ ಕ್ರ್ಯಾಂಕ್ ಶಾಫ್ಟಿನ ಹಿಂದಿನ ತುದಿಯಲ್ಲಿ ರಬ್ಬರ್ ಸೀಲೇ ಇರುತ್ತಿರಲಿಲ್ಲ. ಶಾಫ್ಟಿನ ಮೇಲೆ ಸ್ಕ್ರೂ ಥರ ಕೊರೆದ ಗೆರೆ ತಿರುಗ್ತಾ ತಿರುಗ್ತಾ ಆಯಿಲನ್ನ ಒಳಕ್ಕೆ ತಳ್ಳಬೇಕಿತ್ತು. ಎಂಜಿನ್ ನಿಂತ ಕೂಡಲೇ ತಳ್ಳೋರಿಲ್ಲ, ಒಂದೆರಡು ಹನಿ ಕೆಳಗೆ. ಅಂಥಾ ಕಾರಿಗೆ ಒಂದೆರಡು ಹನಿ ಖಾಯಿಲೆ ಅಲ್ಲ, ಅದರ ಸ್ವಭಾವ.

ಎರಡು ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವ್ ಇಲ್ಲ, ಆಯಿಲ್ ಪಂಪ್ ಇಲ್ಲ, ಹೊಟ್ಟೆ ಖಾಲಿ. ಹಳೇ ಜಾವಾದಲ್ಲಿ 25 ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್ ಬೆರೆಸಿ ಟ್ಯಾಂಕಿಗೆ ಹಾಕಿದ್ರೆ ಆಯ್ತು, ಪೆಟ್ರೋಲ್ ಹೋದ ಕಡೆ ಆಯಿಲೂ ಹೋಗುತ್ತೆ. ಪಾರ್ಟ್ ಕಮ್ಮಿ, ಸೋರೋ ಜಾಗ ಕಮ್ಮಿ, ಊರಿನ ಯಾವ ಮೆಕ್ಯಾನಿಕ್ಕಾದ್ರೂ ಬಿಚ್ಚಬಹುದು. ಯಾನೆಚೆಕ್ ಒಳ್ಳೆ ಗ್ಯಾಸ್ಕೆಟ್ ಹುಡುಕ್ತಾ ಕೂರದೆ ಆಯಿಲೇ ಇಲ್ಲದ ಎಂಜಿನ್ನಿಗೆ ಹೋದರು ಅಂತ ನಾವು ಹೇಳೋದು ಸ್ವಲ್ಪ ಅತಿಶಯ ಇರಬಹುದು, ಅವರಿಗೆ ಮುಖ್ಯವಾಗಿದ್ದು ಬೆಲೆ. ಆದ್ರೂ ಆಗಿದ್ದು ಅದೇ.

ಇದಕ್ಕೆ ಕೊಡಬೇಕಾದ ಬೆಲೆ ಬೇರೆ ಇದೆ. ಎರಡು ಸ್ಟ್ರೋಕಿನಲ್ಲಿ ಕ್ರ್ಯಾಂಕ್‌ಕೇಸೇ ಒಂದು ಪಂಪು. ಪಿಸ್ಟನ್ ಮೇಲೆ ಹೋದಾಗ ಪೆಟ್ರೋಲ್ ಮಿಶ್ರಣವನ್ನ ಒಳಗೆ ಎಳ್ಕೊಳ್ಳುತ್ತೆ, ಕೆಳಗೆ ಬಂದಾಗ ಅದನ್ನ ಒತ್ತಿ ಸಿಲಿಂಡರಿಗೆ ಕಳಿಸುತ್ತೆ. ಈ ಪಂಪಿನ ಎರಡು ಪಕ್ಕದಲ್ಲೂ ಶಾಫ್ಟ್ ಹೊರಗೆ ಬರುತ್ತೆ, ಅಲ್ಲಿ ಒಂದೊಂದು ರಬ್ಬರ್ ಆಯಿಲ್ ಸೀಲ್. ಜಾವಾದಲ್ಲಿ ಎಡಗಡೆ ಸೀಲಿನ ಆಚೆ ಕ್ಲಚ್, ಪ್ರೈಮರಿ ಚೈನ್ ಮತ್ತು ಗೇರ್ ಆಯಿಲ್. ಬಲಗಡೆ ಸೀಲಿನ ಆಚೆ ಡೈನಮೋ, ಬರೀ ಗಾಳಿ. ಎಡಗಡೆದು ಸವೆದ್ರೆ ಎಂಜಿನ್ ಗೇರ್ ಆಯಿಲನ್ನ ಕುಡಿಯೋಕೆ ಶುರು ಮಾಡುತ್ತೆ. ಹಿಂದೆ ಬಿಳಿ ಹೊಗೆ ದಟ್ಟವಾಗುತ್ತೆ, ಪ್ಲಗ್ ಒದ್ದೆಯಾಗುತ್ತೆ, ನೆಲದ ಮೇಲೆ ಒಂದು ಹನಿಯೂ ಬಿದ್ದಿರಲ್ಲ. ಬಲಗಡೆದು ಸವೆದ್ರೆ ಗಾಳಿ ಒಳಗೆ ನುಗ್ಗಿ ಮಿಶ್ರಣ ತೆಳ್ಳಗಾಗುತ್ತೆ, ಐಡ್ಲಿಂಗ್ ತಾನಾಗೇ ಏರುತ್ತೆ, ಪಿಸ್ಟನ್ ಕಾದು ಸೀಜ್ ಆಗೋ ಅಪಾಯ ಇದೆ. ಅಜ್ಜಿ ಬೈಯೋ ಕಲೆಗಿಂತ ಕಣ್ಣಿಗೆ ಕಾಣದ ಈ ಎರಡು ಲೀಕೇ ಬೈಕಿಗೆ ಹೆಚ್ಚು ಕೆಟ್ಟದ್ದು.

ಇಷ್ಟನ್ನೆಲ್ಲ ನಾವು ತಲೆಗೆ ಹಾಕ್ಕೊಳ್ಳೋಕೆ ಕಾರಣ ಇದೆ. ನಮ್ಮಲ್ಲಿ ಒಬ್ಬರ ಮನೆ ಟಿ. ನರಸೀಪುರದಲ್ಲಿ, ಇನ್ನಿಬ್ಬರದು ನಂಜನಗೂಡಿನಲ್ಲಿ. ನರಸೀಪುರದ ಮನೇಲಿ ತಾತ ಓಡಿಸ್ತಿದ್ದ ಜಾವಾ ಇದೆ. ಸಂಗಮದ ಜಾತ್ರೆಗೆ, ಬನ್ನೂರು ಸಂತೆಗೆ, ಹಿಂದೆ ಒಂದು ಭತ್ತದ ಮೂಟೆ ಕಟ್ಕೊಂಡು ಅದರಲ್ಲೇ ಹೋಗ್ತಿದ್ರಂತೆ. ತಾತ ಹೋದ ಮೇಲೆ ಅದು ಕೆಂಪು ಗಾರೆ ನೆಲದ ಮೇಲೆ ನಿಂತು ಕಲೆ ಮಾಡ್ತಾ ಇದೆ. ರಬ್ಬರಿಗೆ ಅರವತ್ತು ವರ್ಷ ವಯಸ್ಸಾದ್ರೆ ಯಾವ ಬೈಕಾದ್ರೂ ಅಷ್ಟೇ. ಆರ್‌ಸಿ ರಿನ್ಯೂ ಖರ್ಚು, ನೆಲ ಒರೆಸೋ ಕಷ್ಟ ಎರಡನ್ನೂ ಲೆಕ್ಕ ಹಾಕಿ ದೊಡ್ಡಪ್ಪ ಸಂಕ್ರಾಂತಿ ಕಳೆದ ಮೇಲೆ ಗುಜರಿಗೆ ಕೊಟ್ಟುಬಿಡೋದು ಅಂತ ತೀರ್ಮಾನ ಮಾಡಿದ್ರು. ಗುಜರಿಯಲ್ಲಿ ಬೈಕಿಗೆ ಕಟ್ಟೋ ಬೆಲೆ ಕೆಜಿ ಲೆಕ್ಕ. ನಮಗೆ ಎರಡು ತಿಂಗಳು ಟೈಮ್ ಸಿಕ್ಕಿತು.

ಮೊದಲು ಮಾಡಿದ್ದು ತೊಳೆಯೋದು. ಸೀಮೆಎಣ್ಣೆ, ಹಳೇ ಹಲ್ಲುಜ್ಜೋ ಬ್ರಶ್ಶು, ಒಂದು ಭಾನುವಾರ. ಅರವತ್ತು ವರ್ಷದ ಧೂಳು ಆಯಿಲ್ ಜೊತೆ ಸೇರಿ ಹೆಸರುಬೇಳೆ ಹೂರಣದ ಥರ ಗಟ್ಟಿಯಾಗಿತ್ತು. ಒಣಗಿದ ಮೇಲೆ ಎಂಜಿನ್ ಮೈಗೆಲ್ಲ ಮುಖದ ಪೌಡರ್ ಉದುರಿಸಿ ಗರ್ಗೇಶ್ವರಿ ತನಕ ಹೋಗಿ ಬಂದ್ವಿ. ಈ ಉಪಾಯ ನಂಜನಗೂಡಿನ ಒಬ್ಬ ಹಳೇ ಮೆಕ್ಯಾನಿಕ್ ಅಣ್ಣ ಹೇಳಿಕೊಟ್ಟಿದ್ದು. ಪೌಡರ್ ಎಲ್ಲಿ ಒದ್ದೆ ಆಗಿದೆಯೋ ಅಲ್ಲೇ ಲೀಕು. ತೊಳೆಯದೆ ನೋಡಿದ್ರೆ ಗಾಳಿ ಆಯಿಲನ್ನ ಹಿಂದಕ್ಕೆ ಹರಡಿರುತ್ತೆ, ಎಲ್ಲಾ ಕಡೆಯಿಂದ ಸೋರ್ತಿದೆ ಅನ್ಸುತ್ತೆ. ನಿಜಕ್ಕೂ ಸೋರೋದು ಎರಡೋ ಮೂರೋ ಜಾಗದಲ್ಲಿ.

ನಮ್ಮದರಲ್ಲಿ ಮೂರು. ಒಂದು, ಆಯಿಲ್ ಇಳಿಸೋ ಬೋಲ್ಟಿನ ತಾಮ್ರದ ವಾಷರ್. ತಾಮ್ರ ಒತ್ತಿಸಿಕೊಂಡು ಒತ್ತಿಸಿಕೊಂಡು ಗಟ್ಟಿಯಾಗುತ್ತೆ. ಗ್ಯಾಸ್ ಸ್ಟವ್ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿದ್ರೆ ಮತ್ತೆ ಮೆತ್ತಗಾಗುತ್ತೆ. ಇದನ್ನ ಮೆಟೀರಿಯಲ್ ಸೈನ್ಸ್ ಪೇಪರಿನಲ್ಲಿ ಅನೀಲಿಂಗ್ ಅಂತ ಬರೆದು ಎಂಟು ಮಾರ್ಕ್ಸ್ ತಗೊಂಡಿದ್ವಿ, ಅಡುಗೆ ಮನೇಲಿ ಮಾಡಿದ್ದು ಇದೇ ಮೊದಲು. ಎರಡು, ಕ್ಲಚ್ ಕವರಿನ ಪೇಪರ್ ಗ್ಯಾಸ್ಕೆಟ್. ಇಲ್ಲಿ ಎಲ್ಲರೂ ಮಾಡೋ ಕೆಲಸ ಅಂದ್ರೆ ಸ್ಕ್ರೂ ಇನ್ನೂ ಬಿಗಿ ಮಾಡೋದು. ಬಿಗಿ ಮಾಡಿದಷ್ಟೂ ಅಲ್ಯುಮಿನಿಯಂ ಕವರು ಸ್ಕ್ರೂ ಇರೋ ಕಡೆ ತಗ್ಗಿ ನಡುವೆ ಉಬ್ಬುತ್ತೆ, ಕೊನೆಗೆ ಥ್ರೆಡ್ಡೇ ಕಿತ್ಕೊಂಡು ಬರುತ್ತೆ. ಮೆಕ್ಯಾನಿಕ್ ಅಣ್ಣ ದಪ್ಪ ಗಾಜಿನ ಮೇಲೆ ಎಮರಿ ಪೇಪರ್ ಹಾಸಿ ಕವರನ್ನ ಎಂಟು ಆಕಾರದಲ್ಲಿ ನಿಧಾನಕ್ಕೆ ಉಜ್ಜಿಸಿದ್ರು. ಮೈ ಸಮ ಆದ ಮೇಲೆ ಹೊಸ ಗ್ಯಾಸ್ಕೆಟ್, ಎದುರು ಬದುರು ಸ್ಕ್ರೂ ಸ್ವಲ್ಪ ಸ್ವಲ್ಪಾನೇ ಬಿಗಿ.

ಮೂರನೇದು ಜಾವಾದ ಖಾಸಗಿ ಜಾಗ. ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್, ಅದನ್ನ ಮೇಲಕ್ಕೆ ತಿರುಗಿಸಿದ್ರೆ ಕಿಕ್ಕರ್, ಮುಂದಕ್ಕೆ ಬಿಟ್ರೆ ಗೇರ್. ಅಪ್ಪಂದಿರು ಈ ಒಂದು ವಿಷಯ ಹೇಳೋಕೆ ಶುರು ಮಾಡಿದ್ರೆ ಊಟದ ಹೊತ್ತು ಮೀರುತ್ತೆ. ಆ ಶಾಫ್ಟ್ ಹೊರಗೆ ಬರೋ ಕಡೆ ದಿನಾ ತಿರುಗಿ ತಿರುಗಿ ಸವೆತ ಜಾಸ್ತಿ, ಅಲ್ಲಿಂದ ಒಂದೊಂದೇ ಹನಿ. ಹೊಸ ಸೀಲ್ ಹಾಕೋ ಮುಂಚೆ ಶಾಫ್ಟಿನ ಮೇಲೆ ಉಗುರು ಆಡಿಸಿ ನೋಡಬೇಕು. ಉಗುರಿಗೆ ಗೆರೆ ಸಿಕ್ಕಿದ್ರೆ ಹಳೇ ಸೀಲ್ ಅಲ್ಲಿ ಕೊರೆದಿದೆ ಅಂತ ಅರ್ಥ. ಹೊಸದನ್ನ ಅದೇ ಗೆರೆ ಮೇಲೆ ಕೂರಿಸಿದ್ರೆ ಅದೂ ಸೋರುತ್ತೆ, ಕೂದಲೆಳೆಯಷ್ಟು ಆಚೀಚೆ ಕೂರಿಸಬೇಕು. ಇನ್ನೂ ಒಂದು ವಿಷಯ, ಗೇರ್‌ಬಾಕ್ಸಿಗೆ ಉಸಿರಾಡೋ ತೂತು ಒಂದಿರುತ್ತೆ. ಅದು ಕಟ್ಕೊಂಡಿದ್ರೆ ಕಾದ ಗಾಳಿ ಬೇರೆ ದಾರಿ ಇಲ್ಲದೆ ಆಯಿಲನ್ನ ಸೀಲಿನಿಂದ ಆಚೆ ತಳ್ಳುತ್ತೆ. ಅಳತೆ ಮೀರಿ ಆಯಿಲ್ ಹಾಕಿದ್ರೂ ಹಾಗೇನೇ. ಸೈಲೆನ್ಸರ್ ಜಾಯಿಂಟಿನಿಂದ ತೊಟ್ಟಿಕ್ಕೋ ಕಪ್ಪು ರಸ ಮಾತ್ರ ಲೀಕಲ್ಲ, ಅರ್ಧ ಸುಟ್ಟ ಆಯಿಲ್ ಅದು, ಬೈಕನ್ನ ಸ್ವಲ್ಪ ದೂರ ಜೋರಾಗಿ ಓಡಿಸಿದ್ರೆ ಎಷ್ಟೋ ಕಮ್ಮಿಯಾಗುತ್ತೆ.

ಯಾನೆಚೆಕ್ ಕಥೆಗೆ ವಾಪಸ್ ಬರೋಣ. ಬೈಕ್ ಗೆದ್ದ ಮೇಲೆ ಅವರ ಕಣ್ಣು ಕಾರಿನ ಮೇಲೆ ಬಿತ್ತು. 1934ರಲ್ಲಿ ಜರ್ಮನಿಯ ಡಿಕೆಡಬ್ಲ್ಯು ಲೈಸೆನ್ಸ್ ತಗೊಂಡು ಜಾವಾ 700 ಅನ್ನೋ ಚಿಕ್ಕ ಕಾರು ಮಾಡಿದ್ರು, ಮುಂದಿನ ಚಕ್ರ ಎಳೆಯೋ ಎರಡು ಸಿಲಿಂಡರಿನ ಎರಡು ಸ್ಟ್ರೋಕ್ ಕಾರು. ಮಾರನೇ ವರ್ಷ ಜಾವಾ 750 ಅನ್ನೋ ಗಾಳಿ ಸೀಳೋ ಆಕಾರದ ಸ್ಪೋರ್ಟ್ಸ್ ಕಾರುಗಳು, ಬೆರಳೆಣಿಕೆಯಷ್ಟು, ಪ್ರಾಗ್‌ನಿಂದ ಬ್ರಾಟಿಸ್ಲಾವಾಗೆ ಹೋಗಿ ಬರೋ ಸಾವಿರ ಮೈಲಿ ರೇಸಿಗೆ ಇಳಿದವು. ಸ್ಪೋರ್ಟ್ಸ್ ಕಾರಾದ್ರೂ ಹೊಟ್ಟೆಯಲ್ಲಿ ಅದೇ ಬಡವರ ಎಂಜಿನ್ನು, ಅದೇ ಪೆಟ್ರೋಲಿನಲ್ಲಿ ಬೆರೆಸಿದ ಆಯಿಲು. 1937ರಲ್ಲಿ ಕಂಪನಿಯದೇ ಡಿಸೈನಿನ ಜಾವಾ ಮೈನರ್ ಬಂತು.

ಆದ್ರೆ ಆಯುಧ ಅವರನ್ನ ಬಿಡಲಿಲ್ಲ, ಅವರೂ ಅದನ್ನ ಬಿಡಲಿಲ್ಲ. ತೋಪಿನ ನಳಿಗೆಯ ತುದಿಗೆ ಸಿಗಿಸೋ ಒಂದು ಸಾಧನ ಕಂಡುಹಿಡಿದ್ರು. ಅದರ ಒಳಗಿನ ತೂತು ಮುಂದಕ್ಕೆ ಹೋಗ್ತಾ ಕಿರಿದಾಗುತ್ತೆ. ಮೆತ್ತನೆ ಅಂಚಿರೋ ಗುಂಡು ಅದರಲ್ಲಿ ಹಿಂಡಿಕೊಂಡು, ಹಿಂದಿನ ಅನಿಲ ಸೋರದ ಹಾಗೆ, ಇನ್ನೂ ವೇಗವಾಗಿ ಆಚೆ ಬರುತ್ತೆ. 1939ರ ಮಾರ್ಚಿನಲ್ಲಿ ಹಿಟ್ಲರನ ಸೈನ್ಯ ಪ್ರಾಗ್‌ಗೆ ನುಗ್ಗಿತು. ಯಾನೆಚೆಕ್ ಮಗ ಆ ವರ್ಷವೇ ಈ ವಿದ್ಯೆಯನ್ನ ಬ್ರಿಟನ್ನಿಗೆ ಮುಟ್ಟಿಸಿದ್ರು. ಬ್ರಿಟಿಷರು ಅದಕ್ಕೆ ಇಟ್ಟ ಹೆಸರು ಲಿಟಲ್‌ಜಾನ್, ಯಾನೆಚೆಕ್ ಅನ್ನೋದರ ನೇರ ಅನುವಾದ ಅದು. ನಮ್ಮ ಕಡೆ ಆಗಿದ್ರೆ ಪುಟ್ಟಸ್ವಾಮಿ ಅಂತ ಇಡ್ತಿದ್ರೇನೋ. ಪ್ಯಾಚೆಟ್ ಕೂಡ ಇಂಗ್ಲೆಂಡಿಗೆ ವಾಪಸ್ ಹೋಗಿ, ಮುಂದೆ ಸ್ಟರ್ಲಿಂಗ್ ಅಂತ ಹೆಸರಾದ ಸಬ್‌ಮಷೀನ್ ಗನ್ ವಿನ್ಯಾಸ ಮಾಡಿದ್ರು. ನಮ್ಮ ದೇಶದ ಸೈನಿಕರು, ಪೊಲೀಸರು ಹಿಡಿದಿದ್ದ ಕಾರ್ಬೈನ್ ಅದರದೇ ತಳಿ. ಅಂದ್ರೆ ಆ ಒಂದು ಫ್ಯಾಕ್ಟರಿಯ ಬೈಕು ಒಂದು ದಾರೀಲಿ, ಬಂದೂಕು ಇನ್ನೊಂದು ದಾರೀಲಿ ಇಂಡಿಯಾಗೆ ಬಂದವು.

ಫ್ಯಾಕ್ಟರಿ ಮಾತ್ರ ಜರ್ಮನ್ನರ ಕೈಗೆ ಸಿಕ್ಕಿ ಅವರ ಯುದ್ಧಕ್ಕೆ ದುಡಿಯಬೇಕಾಯ್ತು. ಯಾನೆಚೆಕ್ 1941ರ ಜೂನ್ 4ರಂದು ತೀರಿಹೋದ್ರು, 63 ವರ್ಷ. ದೇಶ ಇನ್ನೊಬ್ಬರ ಬೂಟಿನ ಕೆಳಗಿತ್ತು, ತಾವು ಕಟ್ಟಿದ ಕಾರ್ಖಾನೆಯಲ್ಲಿ ತಮಗೆ ಬೇಕಾದ್ದು ತಯಾರಾಗ್ತಿರಲಿಲ್ಲ.

ನಮ್ಮ ಅಂಗಳದಲ್ಲಿರೋ ಜಾವಾವನ್ನ ಯಾನೆಚೆಕ್ ನೋಡಲೇ ಇಲ್ಲ ಅನ್ನೋದು ಈ ಬದುಕಿನ ವಿಚಿತ್ರ. ಯುದ್ಧದ ಮಧ್ಯೆ ಅವರ ಇಂಜಿನಿಯರುಗಳು ಜರ್ಮನ್ನರ ಕಣ್ಣು ತಪ್ಪಿಸಿ 250 ಸಿಸಿಯ ಹೊಸ ಎರಡು ಸ್ಟ್ರೋಕ್ ಬೈಕೊಂದನ್ನ ಗುಟ್ಟಾಗಿ ತಯಾರು ಮಾಡಿದ್ರು. ಟೆಸ್ಟ್ ಮಾಡೋವಾಗ ಅನುಮಾನ ಬರಬಾರದು ಅಂತ ಡಿಕೆಡಬ್ಲ್ಯು ಬೈಕಿನ ವೇಷ ಹಾಕ್ತಿದ್ರು. ಅದು 1946ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಜಗತ್ತಿಗೆ ಕಾಣಿಸಿತು. ಪೆರಾಕ್ ಅಂತ ಅಡ್ಡಹೆಸರು, ಯುದ್ಧಕಾಲದಲ್ಲಿ ಪ್ರಾಗ್ ಜನ ಕಥೆ ಕಟ್ಟಿ ಹೇಳ್ತಿದ್ದ ಸ್ಪ್ರಿಂಗ್ ಕಾಲಿನ ಮನುಷ್ಯನ ಹೆಸರದು. ಒಂದೇ ಲಿವರಿನ ಕಿಕ್ಕರ್-ಗೇರ್ ಜಾಣತನ ಆ ಬೈಕಿನಲ್ಲೇ ಇತ್ತು. ಅಷ್ಟೊತ್ತಿಗೆ ಕಂಪನಿ ಸರ್ಕಾರದ್ದಾಗಿತ್ತು, ಯಾನೆಚೆಕ್ ಕುಟುಂಬದ್ದಲ್ಲ. ಹೆಸರನ್ನ ಮಾತ್ರ ಟ್ಯಾಂಕಿನ ಮೇಲಿಂದ ಅಳಿಸಲಿಲ್ಲ.

ಅದರ ಮುಂದಿನ ತಲೆಮಾರಿನ ಬೈಕು ಮೈಸೂರಿಗೆ ಬಂತು. ರುಸ್ತುಂ ಮತ್ತು ಫರೂಕ್ ಇರಾನಿ ಕಟ್ಟಿದ ಐಡಿಯಲ್ ಜಾವಾ ಫ್ಯಾಕ್ಟರಿ ಯಾದವಗಿರಿಯಲ್ಲಿ 1961ರಿಂದ ಬೈಕ್ ತಯಾರಿಸೋಕೆ ಶುರು ಮಾಡ್ತು, ಜಯಚಾಮರಾಜ ಒಡೆಯರ್ ಅದಕ್ಕೆ ಚಾಲನೆ ಕೊಟ್ಟಿದ್ರು. 1973ರಿಂದ ಹೆಸರು ಯೆಜ್ಡಿ ಆಯ್ತು, 1996ರಲ್ಲಿ ಬಾಗಿಲು ಮುಚ್ಚಿತು. ಆ 35 ವರ್ಷದಲ್ಲಿ ನಂಜನಗೂಡು, ನರಸೀಪುರದಿಂದ ಎಷ್ಟು ಜನ ಆ ಫ್ಯಾಕ್ಟರಿಯ ಶಿಫ್ಟಿಗೆ ಹೋಗ್ತಿದ್ರು ಅಂತ ಕೇಳಿದ್ರೆ ಒಂದೊಂದು ಬೀದೀಲೂ ಒಬ್ಬರ ಹೆಸರು ಹೇಳ್ತಾರೆ. ನಮ್ಮ ಮೆಕ್ಯಾನಿಕ್ ಅಣ್ಣ ಕೆಲಸ ಕಲಿತಿದ್ದು ಅಂಥಾ ಒಬ್ಬರ ಹತ್ರ. ಪ್ರತಿ ವರ್ಷ ಜುಲೈ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ ಅಂತ ಮಾಡ್ತಾರೆ, ಅವತ್ತು ಹೊಗೆ ನೋಡಬೇಕು.

ನಮ್ಮ ಬೈಕಿನ ಸದ್ಯದ ಸ್ಥಿತಿ ಹೀಗಿದೆ. ವಾಷರ್, ಗ್ಯಾಸ್ಕೆಟ್, ಕಿಕ್ಕರ್ ಶಾಫ್ಟಿನ ಸೀಲ್ ಮೂರೂ ಮುಗಿದಿವೆ. ಕೆಳಗೆ ಹಾಸಿದ ಪೇಪರ್ ನಾಲ್ಕು ದಿನದಿಂದ ಒಣಗೇ ಇದೆ. ಆದ್ರೆ ಗೇರ್ ಆಯಿಲ್ ಅಳತೆ ಮಾಡಿದ್ರೆ ಸ್ವಲ್ಪ ಇಳಿದಿದೆ, ಹೊಗೆ ಬೆಳ್ಳಗಿದೆ. ಎಡಗಡೆ ಕ್ರ್ಯಾಂಕ್ ಸೀಲ್ ಹೋಗಿದೆ ಅಂತ ಲೆಕ್ಕ. ಕ್ಲಚ್ ಮತ್ತು ಪ್ರೈಮರಿ ಚೈನ್ ಪೂರ್ತಿ ಬಿಚ್ಚಬೇಕು, ಅದಕ್ಕೆ ಪುಲ್ಲರ್ ಬೇಕು. ಮೆಕ್ಯಾನಿಕ್ ಅಣ್ಣನ ಪುಲ್ಲರನ್ನ ಸುತ್ತೂರಿನ ಯಾರೋ ತಗೊಂಡು ಹೋಗಿದ್ದಾರೆ, ಸೋಮವಾರ ವಾಪಸ್ ಬರುತ್ತಂತೆ. ಸಂಕ್ರಾಂತಿಗೆ ಇನ್ನು ಹನ್ನೊಂದು ದಿನ ಇದೆ.